ಅಟ್ಲಾಂಟಿಕ್ ಕಡಲಿನ ನಂಗ್

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು ನಮ್ಮ ಡೊಂಬಿವಲಿಯಲ್ಲಿ ಕಟ್ಟಡಕ್ಕೆ ಇಬ್ಬರಾದರೂ ಸಿಗುತ್ತಾರೆ. ಅವರು ತರುವ ಕಥೆಗಳು ಹೆಚ್ಚುಕಡಿಮೆ ಒಂದೇ. ನಯಾಗರ ಜಲಪಾತ, ಲಿಬರ್ಟಿ ಪ್ರತಿಮೆ, ಬ್ರಿಜ್‌ವಾಟರಿನ ಬಾಲಾಜಿ ದೇವಸ್ಥಾನ, ಕಾಸ್ಟ್‌ಕೋ ಅಂಗಡಿಯ ಗಾತ್ರ. ಉಳಿದ ದಿನಗಳಲ್ಲಿ ಮಕ್ಕಳು ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕುಳಿತು ಅಳಿಲುಗಳನ್ನು ಎಣಿಸುವುದು. 2024ರ ಮೇ ತಿಂಗಳಲ್ಲಿ ಬ್ಯಾಂಕಿನಿಂದ ನಿವೃತ್ತನಾಗಿ, ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಗೆ ಹೋದಾಗ ನಮ್ಮ ಪಾಲಿಗೂ ಅಷ್ಟೇ ಬಂದಿತ್ತು. ಆದರೆ ನಡುವೆ ಒಂದು ದಿನ ಮಾತ್ರ ಬೇರೆಯಾಗಿತ್ತು. ಆ ದಿನದ ಬಗ್ಗೆ ಬರೆಯಬೇಕೆಂದು ಅನ್ನಿಸಿದೆ.

ನನ್ನ ಅಳಿಯ ಧಾರವಾಡದವರು. ಒಳ್ಳೆಯ ಹುಡುಗ, ಮಿತಭಾಷಿ, ಹುಟ್ಟಾ ಸಸ್ಯಾಹಾರಿ. ನಾವು ಮಲ್ಪೆಯ ಪಡುಕೆರೆಯ ಮೊಗವೀರರು. ಮದುವೆಯಾಗಿ ಐದು ವರ್ಷವಾಗಿದ್ದರೂ ನಮ್ಮಿಬ್ಬರ ಮಾತು "ಊಟ ಆಯ್ತಾ", "ಆಫೀಸು ಹೇಗಿದೆ" ಎನ್ನುವುದನ್ನು ದಾಟಿರಲಿಲ್ಲ. ಅವರಿಗೆ ಕ್ರಿಕೆಟ್ ಬೇಡ, ನನಗೆ ಕಂಪ್ಯೂಟರ್ ಬಾರದು. ಹಾಗಿರುವಾಗ ಒಂದು ರಾತ್ರಿ ಊಟದ ಮೇಜಿನ ಮೇಲೆ ಒಂದು ಲಕೋಟೆ ಇಟ್ಟು, "ಮಾವಾರ, ನಿಮ್ಮ ರಿಟೈರ್ಮೆಂಟಿಗೆ ಏನೂ ಕೊಟ್ಟಿದ್ದಿಲ್ಲ" ಎಂದರು. ತೆರೆದು ನೋಡಿದರೆ ಎರಡು ಟಿಕೆಟು. ಅಟ್ಲಾಂಟಿಕ್ ಹೈಲ್ಯಾಂಡ್ಸ್ ಎಂಬ ಊರಿನ ಬಂದರಿನಿಂದ ಅರ್ಧ ದಿನದ ಮೀನು ಹಿಡಿಯುವ ದೋಣಿ, ಜುಲೈ 20, ಶನಿವಾರ. ಒಂದು ನನಗೆ, ಇನ್ನೊಂದು ಅವರಿಗೆ. ಮಗಳು ನಗುವನ್ನು ತಡೆದುಕೊಂಡು ಅಡುಗೆಮನೆಗೆ ಹೋದಳು.

ಅಲ್ಲಿ ಇಂಥ ದೋಣಿಗೆ ಪಾರ್ಟಿ ಬೋಟ್ ಎನ್ನುತ್ತಾರೆ. ಹೆಸರು ಕೇಳಿ ನಾನು ಹಾಡು, ಕುಣಿತ, ಬಿಯರ್ ಎಂದುಕೊಂಡಿದ್ದೆ. ಹಾಗೇನಿಲ್ಲ. ಇಡೀ ದೋಣಿಯನ್ನು ಬಾಡಿಗೆಗೆ ಹಿಡಿಯುವ ಶಕ್ತಿ ಇಲ್ಲದವರು ತಲೆಗೆ ಇಷ್ಟು ಎಂದು ಕೊಟ್ಟು ಹತ್ತಿಕೊಳ್ಳುವ ದೋಣಿ ಅದು. ಅದಕ್ಕೇ ಹೆಡ್ ಬೋಟ್ ಎಂಬ ಹೆಸರೂ ಇದೆ. ನಮ್ಮ ಷೇರ್ ರಿಕ್ಷಾ ಇದ್ದ ಹಾಗೆ. ಗಾಳ, ಸೀಸದ ತೂಕ, ಗಾಳಕ್ಕೆ ಸಿಕ್ಕಿಸುವ ಎರೆ ಎಲ್ಲವನ್ನೂ ಅವರೇ ಕೊಡುತ್ತಾರೆ. ಕಡಲಲ್ಲಿ ಗಾಳ ಹಾಕಲು ಪ್ರವಾಸಿಗಳು ಬೇರೆ ಪರವಾನಗಿ ಮಾಡಿಸಬೇಕಾಗಿಲ್ಲ. ಟಿಕೆಟು ತೆಗೆದುಕೊಂಡು ಕಟಾಂಜನಕ್ಕೆ ಒರಗಿ ನಿಂತರಾಯಿತು.

ಎಡಿಸನ್‌ನಿಂದ ಒಂದು ಗಂಟೆಯೊಳಗಿನ ದಾರಿ. ಬೆಳಿಗ್ಗೆ ಏಳಕ್ಕೆ ಬಂದರು ತಲುಪಿದಾಗ ನನಗೆ ಮೊದಲು ಹೊಡೆದದ್ದು ವಾಸನೆ. ಡೀಸೆಲ್, ಒದ್ದೆ ಹಗ್ಗ, ಹಳೆಯ ಮೀನು. ಮಲ್ಪೆ ದಕ್ಕೆ, ಭಾವುಚಾ ಧಕ್ಕಾ, ಸಸೂನ್ ಡಾಕ್, ಎಲ್ಲ ಕಡೆಯೂ ಇರುವ ಅದೇ ವಾಸನೆ, ಪ್ರಮಾಣ ಮಾತ್ರ ಕಡಿಮೆ. ಅಳಿಯ ಕರವಸ್ತ್ರ ತೆಗೆದು ಮೂಗಿಗೆ ಹಿಡಿಯಲು ಹೋದವರು ನನ್ನ ಮುಖ ನೋಡಿ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ದೋಣಿಯಲ್ಲಿ ಸುಮಾರು 40 ಜನ ಇದ್ದರು. ಅವರಲ್ಲಿ ಅಮೆರಿಕದ ಹಣವಂತರು ಎನ್ನಬಹುದಾದವರು ಯಾರೂ ಕಾಣಲಿಲ್ಲ. ತಮ್ಮದೇ ಬಕೆಟು ಗಾಳ ತಂದಿದ್ದ ನಾಲ್ಕೈದು ಕೊರಿಯಾದ ಮುದುಕರು, ಇಬ್ಬರು ಮಕ್ಕಳನ್ನು ಕರೆತಂದಿದ್ದ ಕಪ್ಪು ಜನಾಂಗದ ತಂದೆ, ಸ್ಪ್ಯಾನಿಷ್ ಮಾತನಾಡುತ್ತಿದ್ದ ಕಟ್ಟಡ ಕೆಲಸಗಾರರ ಗುಂಪು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಒಬ್ಬ ನರ್ಸ್. ಎಲ್ಲರಿಗೂ ಕಟಾಂಜನದಲ್ಲಿ ಒಂದೊಂದು ನಂಬರಿನ ಜಾಗ. ನನ್ನ ಎಡಕ್ಕೆ ಅಳಿಯ, ಬಲಕ್ಕೆ ಕೊರಿಯಾದ ಒಬ್ಬ ಅಜ್ಜ. ಅವರಿಗೆ ಇಂಗ್ಲಿಷ್ ನನಗಿಂತಲೂ ಕಡಿಮೆ.

ನಾವು ಹೋಗುತ್ತಿದ್ದುದು ಫ್ಲೌಂಡರ್ ಮೀನಿಗೆ. ಅದರಲ್ಲೂ ಬೇಸಿಗೆಯ ಫ್ಲೌಂಡರ್, ಅಲ್ಲಿನವರ ಬಾಯಲ್ಲಿ ಫ್ಲೂಕ್. ಹೊರಡುವ ಹಿಂದಿನ ರಾತ್ರಿ ಅಳಿಯ ಫೋನಿನಲ್ಲಿ ಅದರ ಚಿತ್ರ ತೋರಿಸಿದಾಗ ನಾನು, "ಇದು ನಮ್ಮ ನಂಗ್ ಅಲ್ಲವಾ!" ಎಂದು ಕೂಗಿದ್ದೆ.

ಕರಾವಳಿಯವರಿಗೆ ನಂಗ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಚಪ್ಪಟೆ ಮೀನು, ಎಲೆಯ ಹಾಗೆ ತೆಳ್ಳಗೆ. ಕೊಂಕಣಿಯವರು ಲೇಪೊ ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ರಾಶಿರಾಶಿಯಾಗಿ ಬರುತ್ತದೆ, ಅಗ್ಗದ ಮೀನು. ತಲೆಯ ಬಳಿ ಒಂದು ಗೀರು ಹಾಕಿ ಚರ್ಮವನ್ನು ಅಂಗಿ ಕಳಚಿದ ಹಾಗೆ ಒಂದೇ ಎಳೆತಕ್ಕೆ ಸುಲಿಯಬೇಕು. ಖಾರ ಹಚ್ಚಿ ಕಾವಲಿಯಲ್ಲಿ ಹುರಿದರೆ ಅಂಜಲ್, ಮಾಂಜಿಗಳು ಅದರ ಮುಂದೆ ನಾಚಬೇಕು. ನಂಗಿನ ಎರಡೂ ಕಣ್ಣುಗಳು ಒಂದೇ ಕಡೆ ಇರುತ್ತವೆ. ಚಿಕ್ಕಂದಿನಲ್ಲಿ ಇದೇಕೆ ಹೀಗೆ ಎಂದು ಕೇಳಿದಾಗ ಅಜ್ಜಿ ಏನೋ ಒಂದು ಕಥೆ ಕಟ್ಟಿ ಹೇಳಿದ್ದಳು. ನಿಜವಾದ ಕಥೆ ಅದಕ್ಕಿಂತಲೂ ವಿಚಿತ್ರ. ಚಪ್ಪಟೆ ಮೀನುಗಳೆಲ್ಲ ಮರಿಯಾಗಿರುವಾಗ ಉಳಿದ ಮೀನುಗಳಂತೆಯೇ ಇರುತ್ತವೆ, ಆ ಕಡೆಗೊಂದು ಈ ಕಡೆಗೊಂದು ಕಣ್ಣು. ಬೆಳೆಯುತ್ತ ಒಂದು ಕಣ್ಣು ತಲೆಯ ಮೇಲಿನಿಂದ ಸರಿದು ಇನ್ನೊಂದು ಬದಿಗೆ ಬಂದು ಸೇರುತ್ತದೆ. ಆಮೇಲೆ ಮೀನು ಕಣ್ಣಿಲ್ಲದ ಬದಿಯನ್ನು ಕೆಳಗೆ ಮಾಡಿ ಮರಳಿನಲ್ಲಿ ಮಲಗಿಬಿಡುತ್ತದೆ. ಮೇಲಿನ ಬದಿ ಮರಳಿನ ಬಣ್ಣ, ಕೆಳಗಿನದು ಹಾಲಿನಂಥ ಬಿಳುಪು. ಅಮೆರಿಕದ ಬೇಸಿಗೆಯ ಫ್ಲೌಂಡರಿಗೂ ನಮ್ಮ ನಂಗಿಗೂ ಕಣ್ಣುಗಳು ಎಡಬದಿಗೇ ಇರುತ್ತವೆ. ಚಳಿಗಾಲದ ಫ್ಲೌಂಡರ್ ಎಂಬ ಇನ್ನೊಂದಕ್ಕೆ ಬಲಬದಿಗೆ. ಕುಲ ಬೇರೆ, ಗಾತ್ರವೂ ಬೇರೆ. ನಂಗ್ ಅಂಗೈ ಉದ್ದ, ಇದು ತಟ್ಟೆಯಗಲ. 10 ಪೌಂಡು ಮೀರಿದ ಮೀನಿಗೆ ಅಲ್ಲಿನವರು ಡೋರ್‌ಮ್ಯಾಟ್ ಎನ್ನುತ್ತಾರೆ, ಅಂದರೆ ಬಾಗಿಲ ಮುಂದಿನ ಕಾಲೊರಸು.

ದೋಣಿ ಹೊರಟಿತು. ಎಡಕ್ಕೆ ನೌಕಾಪಡೆಯ ಮದ್ದುಗುಂಡು ತುಂಬುವ ಉದ್ದನೆಯ ಕಟ್ಟೆ, ಕೊಲ್ಲಿಯೊಳಕ್ಕೆ ಸುಮಾರು ಐದು ಕಿಲೋಮೀಟರ್ ಚಾಚಿಕೊಂಡಿದೆ. ಬಲಕ್ಕೆ ಸ್ಯಾಂಡಿ ಹುಕ್ ಎಂಬ ಮರಳಿನ ನಾಲಿಗೆ, ಅದರ ಮೇಲೆ 1764ರಲ್ಲಿ ಕಟ್ಟಿದ ಬಿಳಿಯ ದೀಪಸ್ತಂಭ. ಆ ದೇಶದಲ್ಲಿ ಇಂದಿಗೂ ಉರಿಯುತ್ತಿರುವ ದೀಪಸ್ತಂಭಗಳಲ್ಲಿ ಅದೇ ಅತಿ ಹಳೆಯದಂತೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಒಳನೀರು, ನಡುವೆ ಸಪೂರ ಮರಳು. ನಮ್ಮ ಪಡುಕೆರೆಯೂ ಹಾಗೆಯೇ, ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಉದ್ಯಾವರ ಹೊಳೆ. ದೂರದಲ್ಲಿ ವೆರಜಾನೋ ಸೇತುವೆ, ಅದರಾಚೆ ಮಂಜಿನಲ್ಲಿ ಕಡ್ಡಿ ನೆಟ್ಟ ಹಾಗೆ ಮ್ಯಾನ್‌ಹಟನ್.

ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ನಿಯಮ ಹೇಳಿದ. ತಲೆಗೆ ಮೂರು ಮೀನು, ಅದಕ್ಕಿಂತ ಹೆಚ್ಚು ಇಲ್ಲ. ಮೂತಿಯಿಂದ ಬಾಲದ ತುದಿಗೆ 18 ಇಂಚು ಇರಬೇಕು. ಇಲ್ಲದಿದ್ದರೆ ಮರಳಿ ನೀರಿಗೆ. ಅನುಮಾನವಿದ್ದರೆ ಹುಡುಗರನ್ನು ಕರೆಯಿರಿ, ಅವರ ಅಳತೆಯೇ ಕೊನೆಯದು. ಆಮೇಲೆ ಒಬ್ಬ ಹುಡುಗ ಟೊಪ್ಪಿ ಹಿಡಿದುಕೊಂಡು ಬಂದ. ಬೇಕಾದವರು ಐದೈದು ಡಾಲರ್ ಹಾಕಬಹುದು, ದಿನದ ಅತಿ ದೊಡ್ಡ ಮೀನು ಹಿಡಿದವನಿಗೆ ಎಲ್ಲ ಹಣ. ಅಳಿಯ ಇಬ್ಬರ ಪಾಲನ್ನೂ ಹಾಕಿದರು. "ನೀವು ಗಾಳ ಹಾಕ್ತೀರಾ?" ಎಂದು ಕೇಳಿದೆ. "ರೊಕ್ಕಾ ಕೊಟ್ಟೇವಲ್ರಿ" ಎಂದರು.

ಈ ಮೀನು ಹಿಡಿಯುವ ವಿಧಾನ ಸರಳ. ಎಂಜಿನ್ ನಿಲ್ಲಿಸಿ ದೋಣಿಯನ್ನು ಉಬ್ಬರ ಇಳಿತಕ್ಕೂ ಗಾಳಿಗೂ ಬಿಡುತ್ತಾರೆ. ದೋಣಿ ತಾನಾಗಿ ತೇಲುತ್ತ ಹೋಗುವಾಗ ದಾರದ ತುದಿಯ ಸೀಸದ ಗುಂಡು ತಳದ ಮರಳನ್ನು ಮುಟ್ಟಿಕೊಂಡೇ ಬರಬೇಕು. ಅದರ ಹಿಂದೆ ಒಂದು ಮೊಳ ದೂರದಲ್ಲಿ ಗಾಳ, ಗಾಳದಲ್ಲಿ ಬೊಂಡಾಸಿನ ಉದ್ದನೆಯ ಸೀಳು ಮತ್ತು ಒಂದು ಪುಟ್ಟ ಮೀನು. ಮರಳಿನಲ್ಲಿ ಅಡಗಿ ಕಣ್ಣಷ್ಟೇ ಹೊರಗಿಟ್ಟು ಕಾಯುವ ಫ್ಲೌಂಡರ್ ಎದುರಿನಿಂದ ಹಾದುಹೋಗುವುದರ ಮೇಲೆ ಹಾರುತ್ತದೆ. ಹಲ್ಲಿರುವ ಮೀನು, ಆದರೆ ಮೊದಲು ಬಾಲ ಕಚ್ಚಿ ಹಿಡಿದುಕೊಳ್ಳುವುದೇ ಹೆಚ್ಚು. ಕಚ್ಚಿದ ಕೂಡಲೇ ಎಳೆದರೆ ಎರೆ ಮಾತ್ರ ಅದರ ಬಾಯಲ್ಲಿ, ಗಾಳ ನಮ್ಮ ಕೈಯಲ್ಲಿ. ಕೋಲನ್ನು ಸ್ವಲ್ಪ ತಗ್ಗಿಸಿ, ಅದು ನುಂಗುವವರೆಗೆ ಕಾದು, ಆಮೇಲೆ ಮೇಲೆತ್ತಬೇಕು.

ನಾನು ಕೊನೆಯ ಸಲ ಕಡಲಲ್ಲಿ ದಾರ ಬಿಟ್ಟದ್ದು 1979ರಲ್ಲಿ. ಆಗ ಕೋಲಿಲ್ಲ, ರಾಟೆಯಿಲ್ಲ, ಬರಿಯ ಬೆರಳು. ಅಳಿಯ ತಂದುಕೊಟ್ಟ ಗಾಳದ ರಾಟೆಯನ್ನು ಹೇಗೆ ತಿರುಗಿಸಬೇಕೆಂದು ಕೊರಿಯಾದ ಅಜ್ಜ ಕೈಸನ್ನೆಯಲ್ಲೇ ತೋರಿಸಿದರು. ನಾನು ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡೆ. ಸೀಸದ ಗುಂಡು ತಳ ಮುಟ್ಟಿದ್ದು ಬೆರಳಿಗೆ ತಿಳಿಯಿತು. ಅದು ಮರಳಿನ ಮೇಲೆ ಜಾರುವುದು, ಚಿಪ್ಪುಗಳ ಮೇಲೆ ಕಟಕಟ ಎನ್ನುವುದು, ಮತ್ತೆ ಮರಳು. 45 ವರ್ಷ ನೋಟು ಎಣಿಸಿ, ಕಡತ ತಿರುವಿ, ಲೋಕಲ್ ರೈಲಿನ ಹಿಡಿಕೆಗೆ ನೇತಾಡಿದ ಬೆರಳು ಅದನ್ನು ಮರೆತಿರಲಿಲ್ಲ.

ಮೊದಲ ಒಂದು ಗಂಟೆ ಬೇಡದ್ದೇ ಬಂತು. ರೆಕ್ಕೆಯಂಥ ಈಜುಪಕ್ಕಗಳನ್ನು ಬಿಚ್ಚಿ ಕಪ್ಪೆಯ ಹಾಗೆ ಗೊರಗುಟ್ಟುವ ಸೀ ರಾಬಿನ್, ನಮ್ಮ ತೊರಕೆಯನ್ನು ಹೋಲುವ ಸ್ಕೇಟ್. ಅವನ್ನೆಲ್ಲ ಜನ ಬೈಯುತ್ತ ಕಡಲಿಗೆ ಎಸೆಯುತ್ತಿದ್ದರು. ತೊರಕೆಯಂಥದ್ದನ್ನು ಎಸೆಯುವುದು ನೋಡಿ ನನಗೆ ಸಂಕಟವಾಯಿತು. ಊರಲ್ಲಿ ಅದಕ್ಕೆ ಹುಣಸೆಹುಳಿ, ಬೆಳ್ಳುಳ್ಳಿ ಹಾಕಿ ಮಾಡುವ ಗಸಿ ನೆನಪಾಯಿತು.

ಆಮೇಲೆ ನನ್ನ ಬೆರಳಿಗೆ ಒಂದು ಭಾರ ತಗಲಿತು. ತೂಕವೊಂದನ್ನು ಬಿಟ್ಟರೆ ಮೊದಲು ಬೇರೇನೂ ಇಲ್ಲ, ಒದ್ದೆ ಗೋಣಿ ಸಿಕ್ಕಿಕೊಂಡ ಹಾಗೆ. ಕೋಲು ತಗ್ಗಿಸಿದೆ, ಮನಸ್ಸಿನಲ್ಲಿ ಐದು ಎಣಿಸಿದೆ, ಎತ್ತಿದೆ. ಕೋಲು ಬಾಗಿ ತುದಿ ನೀರು ಮುಟ್ಟಿತು. ಮೀನು ಮೇಲಕ್ಕೆ ಬಂದು, ಬೆಳಕು ಕಂಡು, ಮತ್ತೆ ತಳಕ್ಕೆ ಇಳಿಯಿತು. ಎರಡನೆಯ ಸಲ ಬಂದಾಗ ದೋಣಿಯ ಕೆಲಸದ ಹುಡುಗಿ ಬಲೆಯ ಬುಟ್ಟಿಯಲ್ಲಿ ಎತ್ತಿಕೊಂಡಳು. ಕಾಲೇಜಿನ ರಜೆಯಲ್ಲಿ ದುಡಿಯಲು ಬಂದಿದ್ದ, ಇಪ್ಪತ್ತರ ಆಸುಪಾಸಿನ ಹುಡುಗಿ. ಮೀನನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ, ಮೂತಿಯನ್ನು ತಡೆಪಟ್ಟಿಗೆ ಒತ್ತಿ, ಬಾಲವನ್ನು ನೀವಿದಳು. ಮತ್ತೊಮ್ಮೆ ನೀವಿದಳು. 17 ಮುಕ್ಕಾಲು.

ಕಾಲು ಇಂಚು! ಸುತ್ತ ನಿಂತವರೆಲ್ಲ "ಓಹ್" ಎಂದರು. ಮೀನು ಹಲಗೆಯ ಮೇಲೆ ಎಡಗಣ್ಣುಗಳೆರಡನ್ನೂ ತಿರುಗಿಸುತ್ತಿತ್ತು. ಹುಡುಗಿ ನನ್ನ ಮುಖ ನೋಡಿ, "ಸಾರಿ ಸರ್" ಎಂದು, ಅದನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಕೆಳಗಾಗಿ ನೀರಿಗೆ ಬಿಟ್ಟಳು. ಅದು ಒಂದು ಕ್ಷಣ ಎಲೆಯ ಹಾಗೆ ತೇಲಿ, ಬಾಲ ಬಡಿದು, ಕಂದು ನೀರಿನಲ್ಲಿ ಕಾಣದಾಯಿತು. ಯಾರೂ ವಾದ ಮಾಡಲಿಲ್ಲ. ನೋಡುವ ಅಧಿಕಾರಿ ಯಾರೂ ಅಲ್ಲಿರಲಿಲ್ಲ.

ನನಗೆ ಮಾತು ಹೊರಡಲಿಲ್ಲ. ಅಳಿಯ ಅದನ್ನು ಬೇಸರ ಎಂದು ತಿಳಿದುಕೊಂಡು, "ಹೋಗ್ಲಿ ಬಿಡ್ರಿ ಮಾವಾರ, ಇನ್ನೊಂದು ಬರ್ತೈತಿ" ಎಂದರು. ಬೇಸರ ಅಲ್ಲವೆಂದು ಹೇಳಲು ಹೋಗಿ ನಾನು ಅವರಿಗೆ ರಂಪಣಿಯ ಕಥೆ ಹೇಳತೊಡಗಿದೆ. ಅದುವರೆಗೆ ನನ್ನ ಮಗಳಿಗೂ ಸರಿಯಾಗಿ ಹೇಳಿರದ ಕಥೆ.

ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಕಿಲೋಮೀಟರಿನಷ್ಟು ಉದ್ದ. ಒಬ್ಬನ ಸ್ವತ್ತಲ್ಲ, ಊರಿನವರ ಕೂಟದ್ದು. ಮನೆಗೊಂದು ತುಂಡು ಬಲೆ, ತುಂಡಿಗೆ ತಕ್ಕ ಪಾಲು. ಮಳೆಗಾಲ ಕಳೆದ ಮೇಲೆ ಬಂಗುಡೆ, ಬೂತಾಯಿಯ ಹಿಂಡು ದಡದ ಹತ್ತಿರ ಬರುತ್ತಿತ್ತು. ಕಡಲಿನ ಬಣ್ಣ ನೋಡಿಯೇ ಹಿಂಡನ್ನು ಗುರುತಿಸುವ ಹಿರಿಯರಿದ್ದರು. ಅವರು ಕೂಗಿದ ಕೂಡಲೇ ದೋಣಿ ಇಳಿಸಿ ಹಿಂಡನ್ನು ಬಳಸಿ ಬಲೆ ಬಿಡುತ್ತಿದ್ದರು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಅರುವತ್ತು ಎಪ್ಪತ್ತು ಜನ ಮರಳಿನ ಮೇಲೆ ನಿಂತು ಎಳೆಯಬೇಕು. ಶಾಲೆಗೆ ಹೊರಟ ನಾವು ಚೀಲ ಅಲ್ಲೇ ಎಸೆದು ಹಗ್ಗ ಹಿಡಿಯುತ್ತಿದ್ದೆವು. ಹಗ್ಗ ಮುಟ್ಟಿದವನಿಗೆಲ್ಲ ಸಾರಿಗಾಗುವಷ್ಟು ಮೀನು. ವಿಧವೆಯರಿಗೆ ಒಂದು ಪಾಲು, ದೈವಸ್ಥಾನಕ್ಕೆ ಒಂದು ಪಾಲು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಎಂಜಿನ್ ಇರುವ ಬೋಟು, ಚೀಲದ ಬಾಯಿ ಬಿಗಿದ ಹಾಗೆ ಕೆಳಗಿನಿಂದ ಮುಚ್ಚಿಕೊಳ್ಳುವ ಬಲೆ. ದಡಕ್ಕೆ ಬರುವ ಹಿಂಡನ್ನು ಅವು ಕಡಲಲ್ಲೇ ಸುತ್ತುವರಿದು ಎತ್ತಿಕೊಂಡವು. ಜಗಳ, ಮೆರವಣಿಗೆ, ಪೊಲೀಸು ಎಲ್ಲ ಆಯಿತು. ಮೂರ್ನಾಲ್ಕು ವರ್ಷಗಳಲ್ಲಿ ನಮ್ಮ ಮರಳಿನ ಮೇಲೆ ಬಂಗುಡೆ ಬೀಳುವುದು ನಿಂತುಹೋಯಿತು. ಹಿರಿಯರು ಬೆಳಿಗ್ಗೆ ಬೆಳಿಗ್ಗೆ ಕಡಲಿನ ಬಣ್ಣ ನೋಡುತ್ತ ಕುಳಿತುಕೊಳ್ಳುತ್ತಿದ್ದರು, ಕೂಗುತ್ತಿರಲಿಲ್ಲ. ಕೂಟ ಒಡೆಯಿತು. ಬಲೆಯನ್ನು ಬಿಚ್ಚಿ ಅವರವರ ತುಂಡು ಅವರವರಿಗೆ ಕೊಟ್ಟರು. ತಂದೆ ನಮ್ಮ ತುಂಡನ್ನು ಹೊತ್ತು ತಂದು ಎರಡು ವರ್ಷ ಅಟ್ಟದಲ್ಲಿಟ್ಟರು. ಆಮೇಲೆ ಒಂದು ದಿನ ತಾವೇ ಕತ್ತರಿಸಿ ಅಮ್ಮನ ತೊಂಡೆ ಚಪ್ಪರಕ್ಕೆ ಹಾಕಿದರು. ಆ ವರ್ಷವೇ ನನ್ನನ್ನು ಮುಂಬಯಿಯ ಬಸ್ಸು ಹತ್ತಿಸಿದ್ದು. ನನಗೆ 15 ವರ್ಷ. ಹಗಲು ಕೋಟೆಯ ಒಂದು ಕ್ಯಾಂಟೀನಿನಲ್ಲಿ ಕಪ್ಪುಬಸಿ, ರಾತ್ರಿ ಶಾಲೆ. ಮುಂಬಯಿಯಲ್ಲಿ ನನ್ನಂಥ ಕರಾವಳಿಯ ಹುಡುಗರು ಸಾವಿರಾರು ಇದ್ದರು. ಬಡತನ ತಂದಿತು ಎಂದು ಎಲ್ಲರೂ ಹೇಳುತ್ತೇವೆ. ನನ್ನ ಮಟ್ಟಿಗೆ ಬಡತನ ಎಂದರೆ ಆ ತೊಂಡೆ ಚಪ್ಪರ.

ಅಳಿಯ ಗಾಳ ಮರೆತು ಕೇಳುತ್ತಿದ್ದರು. ಕೊನೆಗೆ, "ಆವಾಗ ಹಿಂಗ ಅಳತಿ ಇರ್ಲಿಲ್ಲೇನ್ರಿ?" ಎಂದರು.

ಇರಲಿಲ್ಲ. ಪರ್ಸೀನಿನವರು ಮಾತ್ರವಲ್ಲ, ನಮ್ಮ ರಂಪಣಿಯವರೂ ಅಳೆಯಲಿಲ್ಲ. ಬಲೆಗೆ ಬಿದ್ದದ್ದೆಲ್ಲ ನಮ್ಮದು. ತುಂಬಾ ಬಿದ್ದ ವರ್ಷ ಬೂತಾಯಿಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಕಡಲು ಕೊಟ್ಟದ್ದನ್ನು ಬೇಡವೆನ್ನಬಾರದು ಎಂಬುದು ತಂದೆಯ ಮಾತು. ನಮ್ಮ ಕೈಯ ಬಲಕ್ಕೊಂದು ಮಿತಿ ಇದ್ದುದರಿಂದ ಕಡಲು ಉಳಿದಿತ್ತು, ಅಷ್ಟೇ. ಕೈ ಹೋಗಿ ಎಂಜಿನ್ ಬಂದಾಗ ಮಿತಿಯನ್ನು ಯಾರಾದರೂ ಬರೆದಿಡಬೇಕಾಗಿತ್ತು. ಬರೆಯುವವರು ಸಾಲ ಕೊಟ್ಟು ಬೋಟು ಇಳಿಸುವುದರಲ್ಲಿದ್ದರು.

ಅಮೆರಿಕದವರು ಮಹಾ ಜ್ಞಾನಿಗಳು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರಿಗೂ ಬುದ್ಧಿ ಬಂದದ್ದು ಕೆಟ್ಟ ಮೇಲೆಯೇ. 1980ರ ದಶಕದ ಕೊನೆಗೆ ಈ ಬೇಸಿಗೆಯ ಫ್ಲೌಂಡರ್ ಬಹುತೇಕ ಬರಿದಾಗಿತ್ತು. ಆಮೇಲೆ ಅಳತೆ, ಎಣಿಕೆ, ಋತು ಎಂದು ಒಂದೊಂದಾಗಿ ಬಿಗಿಮಾಡಿದರು. 2011ರಲ್ಲಿ ಸಂತತಿ ಮತ್ತೆ ತುಂಬಿಕೊಂಡಿದೆ ಎಂದು ಅಧಿಕೃತವಾಗಿ ಸಾರಿದರು. ಅಂದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಕಾಯುವಿಕೆ. ಚಳಿಗಾಲದ ಫ್ಲೌಂಡರಿನ ಕಥೆ ಹಾಗಾಗಲಿಲ್ಲ. ಒಂದು ಕಾಲದಲ್ಲಿ ಬ್ರೂಕ್ಲಿನ್‌ನ ಶೀಪ್ಸ್‌ಹೆಡ್ ಬೇಯಿಂದ ಹೊರಟ ಪಾರ್ಟಿ ಬೋಟುಗಳಲ್ಲಿ ಜನ ಅದನ್ನು ಬಕೆಟುಗಟ್ಟಲೆ ಹಿಡಿದು ತರುತ್ತಿದ್ದರಂತೆ. ಈಗ ತಲೆಗೆ ಎರಡೇ ಮೀನು. ಆ ಎರಡೂ ಸಿಗುವುದಿಲ್ಲವೆಂದು ಕೊರಿಯಾದ ಅಜ್ಜ ಎರಡು ಬೆರಳು ತೋರಿಸಿ, ಬೆರಳು ಮಡಚಿ, ತಲೆಯಾಡಿಸಿದರು. ಅವರು ನಲವತ್ತು ವರ್ಷದಿಂದ ಈ ನೀರಿನಲ್ಲಿ ಗಾಳ ಹಾಕುತ್ತಿರುವವರು.

ಅಳತೆಯ ಹುಡುಗಿ ಇನ್ನೊಂದು ಮಾತು ಹೇಳಿದಳು. ಈ ಮೀನಿನಲ್ಲಿ 18 ಇಂಚು ಮೀರಿ ಬೆಳೆಯುವವು ಹೆಚ್ಚಾಗಿ ಹೆಣ್ಣುಗಳೇ. ಚಿಕ್ಕದನ್ನು ಬಿಡಿ ಎನ್ನುವ ಕಾನೂನು ಮೊಟ್ಟೆಯಿಡುವ ತಾಯಂದಿರನ್ನು ಹಿಡಿಯಿರಿ ಎಂದು ಹೇಳಿದ ಹಾಗಾಗುತ್ತದೆಂದು ಅಲ್ಲಿನ ಮೀನುಗಾರರೇ ತಕರಾರು ಮಾಡುತ್ತಾರೆ. ಬಿಟ್ಟ ಮೀನೆಲ್ಲ ಬದುಕುವುದೂ ಇಲ್ಲ, ಹತ್ತರಲ್ಲಿ ಒಂದು ಸಾಯುತ್ತದೆಂದು ವಿಜ್ಞಾನಿಗಳೇ ಲೆಕ್ಕ ಹಾಕಿಕೊಳ್ಳುತ್ತಾರೆ. ಆದರೂ ಪ್ರತಿ ವರ್ಷ ಕುಳಿತು, ಜಗಳವಾಡಿ, ಒಂದು ಅಂಕಿಯನ್ನು ಗೊತ್ತುಮಾಡುತ್ತಾರೆ. ಕಾಲು ಇಂಚಿಗೂ ಬೆಲೆ ಕೊಡುತ್ತಾರೆ.

ಹನ್ನೊಂದು ಗಂಟೆಯ ಹೊತ್ತಿಗೆ ಆಂಬ್ರೋಸ್ ಕಾಲುವೆಯ ಅಂಚಿನಲ್ಲಿ ತೇಲುತ್ತಿದ್ದೆವು. ದೊಡ್ಡ ಕಂಟೇನರ್ ಹಡಗೊಂದು ನ್ಯೂಯಾರ್ಕಿನ ಕಡೆಗೆ ಹೋಯಿತು, ಅದರ ಅಲೆಗೆ ನಮ್ಮ ದೋಣಿ ತೊಟ್ಟಿಲಾಯಿತು. ಆಗಲೇ ಅಳಿಯ ಕಿರುಚಿದ್ದು. "ಮಾವಾರ, ಏನೋ ಜಗ್ಗಾಕ ಹತ್ತೈತ್ರಿ!"

"ಎಳೆಯಬೇಡಿ, ತಗ್ಗಿಸಿ, ತಗ್ಗಿಸಿ!" ಎಂದು ನಾನೂ ಕಿರುಚಿದೆ. ಅಜ್ಜ ಕೊರಿಯನ್ ಭಾಷೆಯಲ್ಲಿ ಅದನ್ನೇ ಕಿರುಚಿದರು ಎಂದು ಕಾಣುತ್ತದೆ. ಮೀನು ಮೇಲೆ ಬಂತು. 20 ಇಂಚು ಮತ್ತು ಸ್ವಲ್ಪ ಹೆಚ್ಚು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಳಿಯ ಮಾತ್ರ ಕೋಲು ಹಿಡಿದು ಗರಬಡಿದ ಹಾಗೆ ನಿಂತಿದ್ದರು. ಬದುಕಿನಲ್ಲಿ ಮೊದಲ ಬಾರಿ ಒಂದು ಜೀವವನ್ನು ಹಿಡಿದವರ ಮುಖ. "ಇದನ್ನೂ ಬಿಡಬಹುದೇನು?" ಎಂದು ಹುಡುಗಿಯನ್ನು ಕೇಳಿದರು. ಬಿಡಬಹುದು, ನಿಮ್ಮ ಇಷ್ಟ ಎಂದಳು. ಅವರು ನನ್ನ ಕಡೆ ತಿರುಗಿದರು. ನನಗೆ ಆ ಮೀನು ಬೇಕಿತ್ತು, ಸುಳ್ಳೇಕೆ ಹೇಳಲಿ. ಆದರೂ "ಮೀನು ನಿಮ್ಮದು, ತೀರ್ಮಾನವೂ ನಿಮ್ಮದು" ಎಂದೆ. ಅವರು ಒಂದೆರಡು ಕ್ಷಣ ಅದನ್ನೇ ನೋಡಿದರು. "ಇಟ್ಕೋರಿ" ಎಂದು ಹುಡುಗಿಗೆ ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಅದಾದ ಮೇಲೆ ಅವರು ಗಾಳ ನೀರಿಗೆ ಹಾಕಲಿಲ್ಲ. ನನ್ನ ಗಾಳಕ್ಕೆ ಎರೆ ಸಿಕ್ಕಿಸುವುದನ್ನು ಅಜ್ಜನಿಂದ ಕಲಿತು, ಮೂಗು ಮುರಿಯದೆ ಅದನ್ನೇ ಮಾಡುತ್ತ ನಿಂತರು. ಮಧ್ಯಾಹ್ನದೊಳಗೆ ನನಗೂ ಒಂದು ಸಿಕ್ಕಿತು, 18 ವರೆ. ಟೊಪ್ಪಿಯ ಹಣ ಮಾತ್ರ ಆ ನರ್ಸ್ ಹುಡುಗಿಯ ಪಾಲಾಯಿತು, ಅವಳದ್ದು 24 ಇಂಚು. ಅಜ್ಜನಿಗೆ ನಮ್ಮ ಚಪಾತಿ, ಶೇಂಗಾ ಚಟ್ನಿ ಕೊಟ್ಟೆವು. ಅವರು ಅನ್ನವನ್ನು ಕಡಲಕಳೆಯಲ್ಲಿ ಸುತ್ತಿದ ಉಂಡೆ ಕೊಟ್ಟರು. ಒಳಗೆ ಏನಿದೆ ಎಂದು ಕೇಳಿ, ತರಕಾರಿ ಎಂದು ಖಾತ್ರಿಯಾದ ಮೇಲೆ ಅಳಿಯನೂ ತಿಂದರು.

ಬಂದರಿಗೆ ಮರಳುವಾಗ ಕೆಲಸದ ಹುಡುಗರು ಎಲ್ಲರ ಮೀನನ್ನು ಕೊಯ್ದುಕೊಡುತ್ತಾರೆ. ಅದಕ್ಕೆ ಭಕ್ಷೀಸು ಕೊಡುವುದು ಪದ್ಧತಿ, ಅದೇ ಅವರ ದೊಡ್ಡ ಸಂಪಾದನೆ. ಚೂರಿ ನಾಲ್ಕು ಸಲ ಓಡಿತೆಂದರೆ ನಾಲ್ಕು ಬಿಳಿ ಹಾಳೆ ಮಾಂಸ, ಉಳಿದ ತಲೆ, ಎಲುಬು ಎಲ್ಲ ಬೇಡದ್ದು. ನನ್ನ ಸರದಿ ಬಂದಾಗ, ಕೊಯ್ಯಬೇಡ, ಇಡಿಯಾಗಿ ಕೊಡು ಎಂದೆ. ಆ ಹುಡುಗ ಅನುಮಾನದಿಂದ ನೋಡಿದ. ಕೊರಿಯಾದ ಅಜ್ಜ ಮಾತ್ರ ಜೋರಾಗಿ ನಕ್ಕು ತಮ್ಮ ಬಕೆಟು ತೋರಿಸಿದರು. ಅವರದ್ದೂ ಇಡಿ ಮೀನೇ. ತಲೆಯ ರುಚಿ ಗೊತ್ತಿದ್ದವರು ದೋಣಿಯಲ್ಲಿ ನಾವಿಬ್ಬರೇ ಎಂದು ಕಾಣುತ್ತದೆ.

ಮನೆಯಲ್ಲಿ ಹೆಂಡತಿ ತಲೆಗಳಿಗೆ ತೆಂಗಿನಕಾಯಿ ಅರೆದು ಸಾರು ಮಾಡಿದಳು, ಉಳಿದದ್ದನ್ನು ಹುರಿದಳು. ಮಾಂಸ ಬಿಳಿ, ಮೃದು, ಮುಳ್ಳು ಕಡಿಮೆ. ರುಚಿ ಚೆನ್ನಾಗಿತ್ತು. ಆದರೆ ನಂಗ್ ಅಲ್ಲ. ನಂಗಿನಲ್ಲಿ ಎಲುಬಿನ ಅಂಚಿನ ಗರಿಗರಿ ಒಂದು ಇದೆ, ಅದು ಇದರಲ್ಲಿ ಇರಲಿಲ್ಲ. ಅಳಿಯ ತಮ್ಮ ತಟ್ಟೆಯಲ್ಲಿ ಅನ್ನ ಸಾರು ಹಾಕಿಕೊಂಡು ನಮ್ಮ ಮೇಜಿನಲ್ಲೇ ಕುಳಿತರು. ಅಂದು ಕಿಟಕಿ ತೆರೆಯಲು ಎದ್ದುಹೋಗಲಿಲ್ಲ. ಊಟದ ನಡುವೆ ಕಾಗದ ತೆಗೆದು, ರಂಪಣಿಯ ದೋಣಿ ಎಲ್ಲಿಂದ ಹೊರಡುತ್ತಿತ್ತು, ಹಗ್ಗ ಎಲ್ಲಿ ಕಟ್ಟುತ್ತಿದ್ದರು, ಎಪ್ಪತ್ತು ಜನರ ನಡುವೆ ಪಾಲಿನ ಲೆಕ್ಕ ಯಾರು ಬರೆಯುತ್ತಿದ್ದರು ಎಂದು ಒಂದೊಂದಾಗಿ ಕೇಳಿ ಗೆರೆ ಎಳೆದುಕೊಂಡರು. ಮಗಳು ತನ್ನ ಅಜ್ಜನ ಬಗ್ಗೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ತಟ್ಟೆ ಒಣಗಿದರೂ ಯಾರೂ ಏಳಲಿಲ್ಲ.

ಮರುದಿನ ಭಾನುವಾರ ಪಡುಕೆರೆಯಲ್ಲಿರುವ ತಮ್ಮನಿಗೆ ಫೋನು ಮಾಡಿದೆ. ಅವನು ಮಲ್ಪೆಯ ಒಂದು ಟ್ರಾಲ್ ಬೋಟಿನಲ್ಲಿ ಪಾಲುದಾರ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಮನೆಯಲ್ಲೇ ಇದ್ದ, ಬಲೆ ಹೆಣೆಯುತ್ತಿದ್ದ. ಕಾಲು ಇಂಚಿನ ಕಥೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಮಳೆಯ ಸದ್ದು ಮಾತ್ರ. ಆಮೇಲೆ ತುಳುವಿನಲ್ಲಿ ಹೇಳಿದ, "ಅಣ್ಣ, ಹತ್ತು ದಿನಕ್ಕೆ ಕಡಲಿಗೆ ಹೋಗುವ ಬೋಟಿಗೆ ಡೀಸೆಲು, ಐಸು, ಜನರ ಸಂಬಳ ಎಲ್ಲ ಸೇರಿ ಎಷ್ಟಾಗುತ್ತದೆ ಗೊತ್ತುಂಟಾ? ಒಳ್ಳೆ ಮೀನು ಸಿಗದಿದ್ದರೆ ಆ ಸಣ್ಣದೇ ನಮ್ಮನ್ನು ಉಳಿಸುವುದು. ಮೀನಿನ ಹುಡಿ ಮಾಡುವ ಫ್ಯಾಕ್ಟರಿಯವರು ತೂಗಿ ತೆಗೆದುಕೊಳ್ಳುತ್ತಾರೆ, ಅಳೆದು ಅಲ್ಲ. ನಾನೊಬ್ಬ ಬಿಟ್ಟರೆ ಹಿಂದಿನ ಬೋಟಿನವ ಹಿಡಿಯುತ್ತಾನೆ."

ಅವನಿಗೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ರಜೆಯ ದಿನ ಮೋಜಿಗೆ ಗಾಳ ಹಾಕುವವನು ಬಿಡುವ ಮೀನಿಗೂ ಸಾಲದ ಕಂತು ಕಟ್ಟಬೇಕಾದವನು ಬಿಡುವ ಮೀನಿಗೂ ಬೆಲೆ ಒಂದೇ ಅಲ್ಲ. ಆದರೆ ಹಿಂದಿನ ಬೋಟಿನವನೂ ಬಿಡುತ್ತಾನೆಂಬ ನಂಬಿಕೆ ಇದ್ದರೆ ತಮ್ಮನೂ ಬಿಟ್ಟಾನು ಎಂದು ನನಗೆ ಅನ್ನಿಸುತ್ತದೆ. ಆ ದೋಣಿಯಲ್ಲಿ ನಲವತ್ತು ಜನರ ನಡುವೆ ಇದ್ದದ್ದು ಆ ನಂಬಿಕೆ. ಕೂಟದ ಬಲೆ ಎಳೆಯುತ್ತಿದ್ದ ನಮ್ಮ ಊರಿನವರಿಗೆ ಅದು ಹೊಸತೇನಲ್ಲ.

ಫೋನು ಇಡುವ ಮೊದಲು ತಮ್ಮ ಕೇಳಿದ, "ಹೌದು, ಆ ಮೀನು ಬಿಟ್ಟಾಗ ಈಜಿತಾ?"

"ಈಜಿತು" ಎಂದೆ.

"ಹಾಗಾದರೆ ಸರಿ" ಎಂದ.